ಸುಟ್ಟುಕೊಂಡರು ಎಂಬ ಸುದ್ದಿ

ಕೊನ್ಸ್ತಿತುಸಿಯೋನ್ ಅನ್ನುವುದು ಬ್ಯೂನಸ್ ಐರಿಸ್ ನಗರದ ದಕ್ಷಿಣಕ್ಕಿರುವ ಬಡಾವಣೆ. ನಡುವೆ ದೊಡ್ಡ ರೈಲು ನಿಲ್ದಾಣ, ಸುತ್ತ ಎತ್ತರದ ಬಾಗಿಲುಗಳ ಹಳೆಯ ಮನೆಗಳು. 1871ರಲ್ಲಿ ಹಳದಿ ಜ್ವರ ಊರಿಗೆ ಬಡಿದಾಗ ನಗರದ ದಕ್ಷಿಣ ಭಾಗದ ಸಿರಿವಂತರು ಗಂಟುಮೂಟೆ ಕಟ್ಟಿಕೊಂಡು ಉತ್ತರಕ್ಕೆ ಹೋದರು, ಮತ್ತೆ ಇತ್ತ ತಿರುಗಿ ಬರಲಿಲ್ಲ. ಅಂಥ ಮನೆಯೊಂದರಲ್ಲಿ ಒಬ್ಬಂಟಿ ಹೆಂಗಸು ಇದ್ದಾಳೆ. ಎದುರಿನ ಫುಟ್‌ಪಾತಿನ ಮೇಲೆ ಹಾಸಿಗೆ ಹಾಕಿಕೊಂಡು ಗರ್ಭಿಣಿ ತಾಯಿಯೊಬ್ಬಳು ಬದುಕುತ್ತಾಳೆ, ಜೊತೆಗೆ ಐದು ವರ್ಷದ ಮಗ. ಹುಡುಗ ಮೆಟ್ರೋ ರೈಲಿನಲ್ಲಿ ಸಂತನ ಚಿತ್ರದ ಕಾರ್ಡು ಹಂಚಿ ಕಾಸು ಕೇಳುತ್ತಾನೆ. ಕೇಳುವ ಮೊದಲು ಎಲ್ಲರ ಕೈ ಕುಲುಕುತ್ತಾನೆ. ಕೊಳೆ ಮೆತ್ತಿದ ಆ ಪುಟ್ಟ ಕೈಯನ್ನು ಬೇಡವೆನ್ನಲು ಯಾರಿಗೂ ಆಗುವುದಿಲ್ಲ. ಒಂದು ರಾತ್ರಿ ತಾಯಿ ಬರುವುದೇ ಇಲ್ಲ. ಹುಡುಗ ಬಂದು ಬಾಗಿಲು ತಟ್ಟುತ್ತಾನೆ. ಹೆಂಗಸು ಊಟ ಹಾಕುತ್ತಾಳೆ, ಐಸ್‌ಕ್ರೀಂ ಕೊಡಿಸಲು ಕರೆದುಕೊಂಡು ಹೋಗುತ್ತಾಳೆ. ಕೆಲವು ದಿನಗಳ ಮೇಲೆ ಅದೇ ಬಡಾವಣೆಯಲ್ಲಿ ತಲೆಯಿಲ್ಲದ ಮಗುವಿನ ಶವ ಸಿಗುತ್ತದೆ.

ಅರ್ಜೆಂಟೀನಾದ ಮರಿಯಾನಾ ಎನ್ರಿಕೇಸ್ ಅವರ ‘ಕೊಳಕು ಹುಡುಗ’ ಕಥೆ ಇದು, ‘ಬೆಂಕಿಯಲ್ಲಿ ನಾವು ಕಳೆದುಕೊಂಡದ್ದು’ ಸಂಕಲನದ ಮೊದಲನೆಯದು. ಓದಿದವರು ಸಾಮಾನ್ಯವಾಗಿ ಶವದ ಬಗ್ಗೆ ಮಾತಾಡುತ್ತಾರೆ. ಓದಿದವಳೊಬ್ಬಳು ಮಾತ್ರ ಐಸ್‌ಕ್ರೀಮಿನ ಹತ್ತಿರವೇ ನಿಂತುಬಿಟ್ಟಳು. ಬೆಂಗಳೂರಿನ ಕನ್ನಡ ದಿನಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ವರ್ಷಗಟ್ಟಲೆ ಅಪರಾಧ ಸುದ್ದಿಗಳನ್ನು ತಿದ್ದಿದವಳು ಅವಳು. ಡೆಸ್ಕಿಗೆ ತಲುಪುವುದು ಶವ ಮಾತ್ರ. ವಯಸ್ಸು, ಊರು, ಠಾಣೆಯ ಹೆಸರು, ಪ್ರಕರಣ ದಾಖಲಾಗಿದೆ. ಹಿಂದಿನ ರಾತ್ರಿ ಆ ಮಗು ಏನು ತಿಂದಿತ್ತು, ಯಾರ ಕೈ ಹಿಡಿದು ರಸ್ತೆ ದಾಟಿತ್ತು ಎಂಬುದು ವರದಿಯಲ್ಲಿ ಇರುವುದಿಲ್ಲ. ಯಾರಾದರೂ ಆಸ್ಥೆಯಿಂದ ಬರೆದು ಕಳಿಸಿದರೂ ಜಾಗ ಸಾಲದಾಗ ಮೊದಲು ಕತ್ತರಿ ಬೀಳುವುದು ಆ ಪ್ಯಾರಾಕ್ಕೇ. ಎನ್ರಿಕೇಸ್ ಕಥೆ ಕಟ್ಟಿದ್ದು ಕತ್ತರಿಗೆ ಬೀಳುವ ಆ ಪ್ಯಾರಾದಿಂದ.

ಪುಸ್ತಕ ಸಿಕ್ಕಿದ್ದು ಚರ್ಚ್ ಸ್ಟ್ರೀಟಿನಲ್ಲಿ, 2018ರ ಸುಮಾರಿಗೆ. ಆಗ ಅವಳು ಕೆಲಸ ಬಿಟ್ಟಾಗಿತ್ತು. ಅವಳ ತಲೆಮಾರಿನ ಕನ್ನಡ ಓದುಗರಿಗೆ ಸ್ಪ್ಯಾನಿಷ್ ಕಥೆ ಎಂದರೆ ಮಾರ್ಕೆಸ್, ಬೋರ್ಹೆಸ್. ಹಳದಿ ಚಿಟ್ಟೆಗಳು, ಕನ್ನಡಿಗಳು, ಹುಲಿಗಳು. ಎನ್ರಿಕೇಸ್ ಹೆಸರು ಅವಳು ಕೇಳಿರಲಿಲ್ಲ. ಲೇಖಕಿಯ ಪರಿಚಯದಲ್ಲಿದ್ದ ಒಂದು ಸಂಗತಿ ನೋಡಿ ಪುಸ್ತಕ ಕೊಂಡಳು: ಬರೆದಾಕೆ ಪತ್ರಕರ್ತೆ. ‘ಪಾಹಿನಾ 12’ ಪತ್ರಿಕೆಯ ಸಾಂಸ್ಕೃತಿಕ ಪುರವಣಿ ‘ರಾದಾರ್’ನ ಸಂಪಾದಕರಲ್ಲಿ ಒಬ್ಬರು. 1973ರಲ್ಲಿ ಹುಟ್ಟಿದವರು, ದೇಶದಲ್ಲಿ ಸೇನೆಯ ಆಳ್ವಿಕೆ ಶುರುವಾದಾಗ ಎರಡು ವರ್ಷದ ಕೂಸು, ಅದು ಮುಗಿದಾಗ ಹತ್ತು ವರ್ಷದ ಹುಡುಗಿ. ಸಂಕಲನ 2016ರಲ್ಲಿ ಬಂತು. ಮರುವರ್ಷ ಮೇಗನ್ ಮ್ಯಾಕ್‌ಡವೆಲ್ ಇಂಗ್ಲಿಷಿಗೆ ತಂದರು. ಒಟ್ಟು 12 ಕಥೆಗಳು.

ಅರ್ಜೆಂಟೀನಾ ಸೀಮೆಯಲ್ಲಿ ಓದುಗನ ಎದೆ ನಡುಗಿಸುವ ಸಣ್ಣಕಥೆಗೆ ನೂರು ವರ್ಷ ಮೀರಿದ ಪರಂಪರೆಯಿದೆ. ಉರುಗ್ವೆಯಲ್ಲಿ ಹುಟ್ಟಿ, ಅರ್ಜೆಂಟೀನಾದ ಮಿಸಿಯೋನೆಸ್ ಕಾಡಿನಲ್ಲಿ ಬಹುಕಾಲ ಕಳೆದ ಒರಾಸಿಯೋ ಕಿರೋಗಾ 1907ರಲ್ಲಿ ‘ಗರಿಯ ದಿಂಬು’ ಬರೆದರು. ಹೊಸದಾಗಿ ಮದುವೆಯಾದ ಹೆಣ್ಣು ದಿನದಿನಕ್ಕೆ ಬಿಳಚಿಕೊಂಡು ಹಾಸಿಗೆ ಹಿಡಿಯುತ್ತಾಳೆ. ವೈದ್ಯರಿಗೆ ಕಾರಣ ತಿಳಿಯುವುದಿಲ್ಲ. ಅವಳು ಸತ್ತ ಮೇಲೆ ದಿಂಬು ಎತ್ತಲು ಹೋದ ಕೆಲಸದವಳಿಗೆ ಅದು ವಿಪರೀತ ಭಾರ ಅನ್ನಿಸುತ್ತದೆ. ಕೊಯ್ದು ನೋಡಿದರೆ ಒಳಗೆ ರಕ್ತ ಕುಡಿದು ಉಬ್ಬಿದ ಒಂದು ಪ್ರಾಣಿ. ಇಂಥ ಪರೋಪಜೀವಿಗಳು ಹಕ್ಕಿಗಳಲ್ಲಿ ಇರುವುದುಂಟು ಎಂದು ಜೀವಶಾಸ್ತ್ರದ ಪಾಠದ ಧಾಟಿಯಲ್ಲಿ ಹೇಳಿ ಕಿರೋಗಾ ಕಥೆ ಮುಗಿಸುತ್ತಾರೆ. ಆ ತಣ್ಣನೆಯ ಧಾಟಿಯನ್ನು ಅವರು ಬದುಕಿನಿಂದಲೇ ಕಲಿತಿರಬೇಕು. ತಂದೆ ಕೋವಿ ಸಿಡಿದು ಸತ್ತರು, ಮಲತಂದೆ ಗುಂಡು ಹಾರಿಸಿಕೊಂಡರು, ಗೆಳೆಯನೊಬ್ಬ ಇವರದೇ ಕೈಯಲ್ಲಿದ್ದ ಪಿಸ್ತೂಲು ತಪ್ಪಿ ಸಿಡಿದು ಸತ್ತ, ಮೊದಲ ಹೆಂಡತಿ ವಿಷ ಕುಡಿದರು. 1937ರಲ್ಲಿ ಕ್ಯಾನ್ಸರ್ ಎಂದು ಗೊತ್ತಾದಾಗ ಸ್ವತಃ ಕಿರೋಗಾ ಸಯನೈಡ್ ನುಂಗಿದರು.

ಕಿರೋಗಾ ನಂತರ ಹೂಲಿಯೋ ಕೊರ್ತಾಸರ್. 1946ರಲ್ಲಿ ಬೋರ್ಹೆಸ್ ಸಂಪಾದಿಸುತ್ತಿದ್ದ ಪತ್ರಿಕೆಯಲ್ಲಿ ಅವರ ‘ಆಕ್ರಮಿತ ಮನೆ’ ಅಚ್ಚಾಯಿತು. ನಡುವಯಸ್ಸಿನ ಅಣ್ಣ ತಂಗಿ ಹಿರಿಯರ ದೊಡ್ಡ ಮನೆಯಲ್ಲಿದ್ದಾರೆ. ತಂಗಿ ದಿನವೆಲ್ಲ ಹೆಣಿಗೆ ಹಾಕುತ್ತಾಳೆ. ಒಂದು ಸಂಜೆ ಹಿಂಬದಿಯ ಕೋಣೆಗಳಿಂದ ಸದ್ದು ಕೇಳುತ್ತದೆ. ಅಣ್ಣ ನಡುವಿನ ಓಕ್ ಬಾಗಿಲು ಹಾಕಿ ಚಿಲಕ ಜಡಿದು ಬಂದು, ಆ ಭಾಗ ಅವರ ಪಾಲಾಯಿತು ಎನ್ನುತ್ತಾನೆ. ಯಾರ ಪಾಲಾಯಿತು ಎಂದು ತಂಗಿ ಕೇಳುವುದಿಲ್ಲ. ಹೀಗೇ ಮನೆ ಕಿರಿದಾಗುತ್ತ ಕೊನೆಗೆ ಇಬ್ಬರೂ ಬೀದಿಗೆ ಬೀಳುತ್ತಾರೆ. ಕಳ್ಳರು ಒಳಹೊಕ್ಕಾರೆಂದು ಅಣ್ಣ ಬೀಗದ ಕೈಯನ್ನು ಚರಂಡಿಗೆ ಎಸೆಯುತ್ತಾನೆ. ಪೆರೋನ್ ದೇಶದ ಅಧ್ಯಕ್ಷರಾಗಿ ಅಧಿಕಾರಕ್ಕೆ ಬಂದ ಕಾಲಕ್ಕೆ ಹಲವರು ಈ ಕಥೆಯನ್ನು ಹೊಂದಿಸಿದರು. ಕೊರ್ತಾಸರ್ ತಮಗೆ ಬಿದ್ದ ಕೆಟ್ಟ ಕನಸೊಂದರಿಂದ ಕಥೆ ಹುಟ್ಟಿತು ಎಂದಷ್ಟೇ ಹೇಳಿದರು. ಇದನ್ನು ಅವಳು ಕಾಲೇಜಿನ ದಿನಗಳಲ್ಲೇ ಓದಿ ಬೆರಗಾಗಿದ್ದಳು. ಬಾಗಿಲಿನ ಆಚೆ ಯಾರಿದ್ದಾರೆಂದು ಹೇಳದೆ ಉಳಿಸಿದ್ದೇ ಅದರ ಹೆಚ್ಚುಗಾರಿಕೆ ಎಂದು ಆಗ ಅನ್ನಿಸಿತ್ತು.

ಎನ್ರಿಕೇಸ್ ಬಂದು ಬಾಗಿಲು ತೆರೆದರು. ಆಚೆ ಪೊಲೀಸರಿದ್ದರು.

‘ವಸತಿಗೃಹ’ ಎಂಬ ಎರಡನೆಯ ಕಥೆ ನಡೆಯುವುದು ಲಾ ರಿಯೋಹಾ ಪ್ರಾಂತ್ಯದ ಸನಗಾಸ್ತಾ ಎಂಬ ಸಣ್ಣ ಊರಿನಲ್ಲಿ. ಪ್ರವಾಸಿಗರ ಒಂದು ಹೋಟೆಲು. ಸೇನೆಯ ಆಳ್ವಿಕೆಯಲ್ಲಿ ಅದೇ ಕಟ್ಟಡ ಪೊಲೀಸ್ ತರಬೇತಿ ಶಾಲೆಯಾಗಿತ್ತು. ಬಂದವರಿಗೆ ಈ ವಿಷಯ ಹೇಳಿದನೆಂದು ಮಾಲಕಿ ಅಲ್ಲಿದ್ದ ಗೈಡನ್ನು ಕೆಲಸದಿಂದ ತೆಗೆದಿದ್ದಾಳೆ. ಗೈಡಿನ ಮಗಳು ಗೆಳತಿಯನ್ನು ಸೇರಿಸಿಕೊಂಡು ಸೇಡು ತೀರಿಸಲು ಹೊರಡುತ್ತಾಳೆ. ಸೇಡು ಮಕ್ಕಳಾಟದ್ದೇ: ಖಾಲಿಯಿರುವ ಕೋಣೆಗಳ ಹಾಸಿಗೆ ಕೊಯ್ದು ಒಳಗೆ ಮಾಂಸ ತುರುಕಿ ಬರುವುದು. ಕೊಳೆತು ನಾರಿದರೂ ವಾಸನೆ ಎಲ್ಲಿಂದ ಬರುತ್ತಿದೆಯೆಂದು ಯಾರಿಗೂ ತಿಳಿಯಬಾರದು. ಹುಡುಗಿಯರು ಕತ್ತಲಲ್ಲಿ ಆ ಕೆಲಸದಲ್ಲಿರುವಾಗ ಹೊರಗೆ ವಾಹನಗಳ ಸದ್ದಾಗುತ್ತದೆ. ಹೆಡ್‌ಲೈಟಿನ ಬೆಳಕು ಒಳಗೆ ಬೀಳುತ್ತದೆ, ಯಾರೋ ಕಿಟಕಿ ಬಾಗಿಲು ಬಡಿಯುತ್ತಾರೆ, ಗಂಡಸರ ಕಾಲುಗಳು ಕಟ್ಟಡದ ಸುತ್ತ ಓಡುತ್ತವೆ. ದೊಡ್ಡವರು ಬಂದು ನೋಡುವಾಗ ಏನೂ ಇಲ್ಲ.

ಆ ಸದ್ದಿಗೆ ಒಂದು ಇತಿಹಾಸ ಇದೆ. 1976ರ ಮಾರ್ಚ್ 24ರಂದು ಸೇನೆ ಅಧಿಕಾರ ಹಿಡಿಯಿತು. 1983ರ ಡಿಸೆಂಬರ್‌ವರೆಗೆ ಬಿಡಲಿಲ್ಲ. ರಾತ್ರಿ ಹೊತ್ತು ನಂಬರ್ ಪ್ಲೇಟಿಲ್ಲದ ಫೋರ್ಡ್ ಫಾಲ್ಕನ್ ಕಾರುಗಳು ಬರುತ್ತಿದ್ದವು. ಮನೆಗಳಿಂದ ಜನರನ್ನು ಎತ್ತಿಕೊಂಡು ಹೋಗಿ ಗುಪ್ತ ಕೇಂದ್ರಗಳಲ್ಲಿ ಚಿತ್ರಹಿಂಸೆ ಕೊಡುತ್ತಿದ್ದರು. ಎಷ್ಟೋ ಜನರಿಗೆ ಮತ್ತಿನ ಮದ್ದು ಚುಚ್ಚಿ ವಿಮಾನದಿಂದ ನೀರಿಗೆ ಎಸೆದರು. ಪ್ರಜಾಪ್ರಭುತ್ವ ಮರಳಿದ ಮೇಲೆ ನೇಮಕವಾದ ಆಯೋಗ 1984ರಲ್ಲಿ ವರದಿ ಕೊಟ್ಟಾಗ ಅದರಲ್ಲಿ 8,961 ಮಂದಿ ಕಾಣೆಯಾದವರ ಪಟ್ಟಿಯಿತ್ತು, ಸುಮಾರು 340 ಗುಪ್ತ ಕೇಂದ್ರಗಳ ವಿವರವಿತ್ತು. ಮಾನವ ಹಕ್ಕು ಸಂಘಟನೆಗಳು ಹೇಳುವ ಸಂಖ್ಯೆ 30,000. ಬ್ಯೂನಸ್ ಐರಿಸ್‌ನಲ್ಲಿ ‘ಕ್ಲಬ್ ಅತ್ಲೆತಿಕೊ’ ಎಂದು ಕರೆಯುತ್ತಿದ್ದ ಕೇಂದ್ರವೊಂದು ಒಂದು ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಕಟ್ಟಡ ಕೆಡವಿ ಅದರ ಮೇಲೆ ಹೆದ್ದಾರಿ ಹಾಯಿಸಿದರು. 2002ರಿಂದ ಆ ಹೆದ್ದಾರಿಯ ಕೆಳಗೆ ಅಗೆಯತೊಡಗಿದರು. ಸಿಕ್ಕ ವಸ್ತುಗಳಲ್ಲಿ ಒಂದು ಪಿಂಗ್‌ಪಾಂಗ್ ಚೆಂಡು ಇತ್ತು. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದ ಕೈದಿಗಳು, ಕಾವಲಿನವರು ಪಕ್ಕದಲ್ಲಿ ಪಿಂಗ್‌ಪಾಂಗ್ ಆಡುವ ಸದ್ದು ಕೇಳುತ್ತಿತ್ತೆಂದು ಹಿಂದೆಯೇ ಸಾಕ್ಷ್ಯ ನುಡಿದಿದ್ದರು. ಈ ಚೆಂಡಿನ ವಿಷಯ ತಿಳಿದಮೇಲೆ ಅವಳು ‘ವಸತಿಗೃಹ’ವನ್ನು ಇನ್ನೊಮ್ಮೆ ಓದಿದಳು. ಗೈಡಿನ ನೌಕರಿ ಹೋದ ಸಂಗತಿ ಮೊದಲ ಓದಿನಲ್ಲಿ ಬರಿಯ ಹಿನ್ನೆಲೆಯಂತೆ ಕಂಡಿತ್ತು. ಎರಡನೆಯ ಸಲ ಅದೇ ಕಥೆಯ ಜೀವ ಅನ್ನಿಸಿತು. ಹಗಲು ಮಾತಾಡಿದವನ ಬಾಯಿ ಮುಚ್ಚಿಸಿದ್ದರಿಂದಲೇ ರಾತ್ರಿ ಆ ಬೂಟುಗಳು ಓಡುತ್ತಿವೆ.

ಎಲ್ಲ ಕಥೆಗಳೂ ಒಂದೇ ತೂಕದವಲ್ಲ. ಕೋಣೆಯೊಳಗೆ ಕದ ಹಾಕಿಕೊಂಡು ಕಂಪ್ಯೂಟರಿನಲ್ಲಷ್ಟೇ ಬದುಕುವ ಹುಡುಗನ ಕಥೆ ಅವಳಿಗೆ ಅರ್ಧ ಬೆಂದಂತೆ ಕಂಡಿತು. ಬೀದಿಯಲ್ಲಿ ಸಿಕ್ಕ ತಲೆಬುರುಡೆಯನ್ನು ಮನೆಗೆ ತಂದು ಪ್ರೀತಿಸುವ ಹೆಂಗಸಿನ ಕಥೆ ಚುರುಕಾಗಿದೆ, ಆದರೆ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ನಿಂತದ್ದು ಊರು, ಬೀದಿ, ನದಿ ಇರುವ ಕಥೆಗಳು. ‘ಅದೇಲಾಳ ಮನೆ’ ಅಂಥದ್ದು. ಎನ್ರಿಕೇಸ್ ಬಾಲ್ಯ ಕಳೆದ ಲನೂಸ್ ಎಂಬ ಹೊರವಲಯದಲ್ಲಿ ಅದು ನಡೆಯುತ್ತದೆ. ಒಂದು ಕೈಯಿಲ್ಲದ ಹುಡುಗಿ ಅದೇಲಾ ತನ್ನ ಇಬ್ಬರು ಗೆಳೆಯರ ಜೊತೆ ಪಾಳುಮನೆಗೆ ಹೊಗುತ್ತಾಳೆ. ಒಳಗೆ ದೀಪವಿಲ್ಲ, ಆದರೂ ಬೆಳಕಿದೆ. ಗಾಜಿನ ಕಪಾಟಿನಲ್ಲಿ ಉಗುರುಗಳು, ಹಲ್ಲುಗಳು. ಅದೇಲಾ ಒಂದು ಬಾಗಿಲು ತೆರೆದು ಒಳಗೆ ಹೋಗುತ್ತಾಳೆ, ಹಿಂದೆ ಬರುವುದಿಲ್ಲ. ಪೊಲೀಸರು ಹುಡುಕಲು ಹೋದರೆ ಆ ಮನೆಯೊಳಗೆ ಕೋಣೆಗಳೇ ಇಲ್ಲ, ನಾಲ್ಕು ಹೊರಗೋಡೆ ಮಾತ್ರ. ಮಗುವನ್ನು ಕಳೆದುಕೊಂಡ ತಾಯಿ, ಏನೂ ಸಿಗಲಿಲ್ಲ ಎನ್ನುವ ಪೊಲೀಸರು, ದೇಹವಿಲ್ಲದ ಸಾವು. 1977ರ ಏಪ್ರಿಲ್‌ನಿಂದ ಕಾಣೆಯಾದ ಮಕ್ಕಳಿಗಾಗಿ ಪ್ಲಾಸಾ ದೆ ಮಾಯೊ ಚೌಕದಲ್ಲಿ ಸುತ್ತು ಬರುತ್ತಿದ್ದ ಬಿಳಿ ತಲೆವಸ್ತ್ರದ ತಾಯಂದಿರನ್ನು ಕಂಡ ದೇಶದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎನ್ರಿಕೇಸ್ ಹೇಳುವುದೂ ಇಲ್ಲ.

‘ಕಪ್ಪು ನೀರಿನ ಕೆಳಗೆ’ ಕಥೆಯ ನದಿ ರಿಯಾಚುಯೆಲೊ. ಬ್ಯೂನಸ್ ಐರಿಸ್‌ನ ದಕ್ಷಿಣ ಗಡಿಯಲ್ಲಿ ಹರಿಯುವ ಈ ನೀರಿಗೆ ಚರ್ಮ ಹದಮಾಡುವ ಕಾರ್ಖಾನೆಗಳು, ಕಸಾಯಿಖಾನೆಗಳು ಇನ್ನೂರು ವರ್ಷ ಕೊಳೆ ಬಿಟ್ಟಿವೆ. ಸಾವಿರ ದಿನದಲ್ಲಿ ನದಿ ಶುದ್ಧ ಮಾಡುತ್ತೇವೆಂದು 1993ರಲ್ಲಿ ಸರ್ಕಾರ ಮಾತು ಕೊಟ್ಟಿತ್ತು. ಹದಿನೈದು ವರ್ಷ ಕಳೆದು 2008ರಲ್ಲಿ ಸುಪ್ರೀಂ ಕೋರ್ಟು ಶುದ್ಧ ಮಾಡಿ ಎಂದು ಆದೇಶ ಹೊರಡಿಸಬೇಕಾಯಿತು. 2002ರಲ್ಲಿ ಪೊಲೀಸರು ಕೆಲವು ಹುಡುಗರನ್ನು ರಾತ್ರಿ ಹಿಡಿದು, ಹೊಡೆದು, ಈಜಿ ದಾಟಿ ಎಂದು ಇದೇ ನೀರಿಗೆ ಇಳಿಸಿದರು. ಹತ್ತೊಂಬತ್ತು ವರ್ಷದ ಒಬ್ಬ ಮುಳುಗಿ ಸತ್ತ. ಎರಡು ವರ್ಷದ ಮೇಲೆ ಪೊಲೀಸರಿಗೆ ಶಿಕ್ಷೆಯಾಯಿತು. ಸುದ್ದಿ ಅಲ್ಲಿಗೆ ಮುಗಿಯುತ್ತದೆ. ಎನ್ರಿಕೇಸ್ ಕಥೆಯಲ್ಲಿ ಮುಗಿಯುವುದಿಲ್ಲ: ಸತ್ತ ಹುಡುಗ ನೀರಿನಿಂದ ಎದ್ದು ಬಂದಿದ್ದಾನೆಂಬ ಮಾತು ಸರ್ಕಾರಿ ವಕೀಲೆಯ ಕಿವಿಗೆ ಬೀಳುತ್ತದೆ. ಆಕೆ ನದಿಯಂಚಿನ ಕೊಳೆಗೇರಿಗೆ ಒಬ್ಬಳೇ ಹೋಗುತ್ತಾಳೆ. ಅಲ್ಲಿ ತಲೆಕೆಟ್ಟಂತಿರುವ ಪಾದ್ರಿಯೊಬ್ಬ ಒಂದು ಮಾತು ಹೇಳುತ್ತಾನೆ: ಈ ನದಿಗೆ ಇಷ್ಟು ವರ್ಷ ಕೊಳೆ ತುಂಬಿದ್ದು, ತಳದಲ್ಲಿರುವ ಯಾವುದೋ ಒಂದು ಮೇಲೆ ಬಾರದಿರಲಿ ಎಂದೇ ಇರಬಹುದು. ಈ ಸಾಲಿಗೆ ಅವಳು ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟಳು. ಡೆಸ್ಕಿನಲ್ಲಿ ಇರುವಾಗ ಅವಳಿಗೆ ತೀರ್ಪು ಎಂದರೆ ಫಾಲೋ-ಅಪ್‌ಗಳ ಕೊನೆ. ಆಮೇಲೆ ಆ ಕಡತ ಲೈಬ್ರರಿಗೆ. ತೀರ್ಪಿನ ಮೇಲೂ ಆ ನೀರು ಹಾಗೇ ಕಪ್ಪಾಗಿ ಹರಿಯುತ್ತಿದ್ದರೆ ಅದನ್ನು ಬರೆಯುವವರು ಯಾರು? ಅಲ್ಲಿ ದೆವ್ವದ ಕಥೆಗೆ ಕೆಲಸವಿದೆ.

ಇಷ್ಟೂ ಕಥೆಗಳನ್ನು ಅವಳು ಸ್ವಲ್ಪ ದೂರ ನಿಂತು ಓದಿದಳೆನ್ನಬಹುದು. ಬೇರೆ ಖಂಡ, ಬೇರೆ ಸೇನೆ, ಬೇರೆ ನದಿ. ಕೊನೆಯ ಕಥೆ, ಸಂಕಲನಕ್ಕೆ ಹೆಸರು ಕೊಟ್ಟ ಕಥೆ, ಆ ದೂರವನ್ನು ಅಳಿಸಿಹಾಕಿತು.

ಅದೂ ಮೆಟ್ರೋ ರೈಲಿನಲ್ಲಿ ಶುರುವಾಗುತ್ತದೆ. ಮುಖ, ಕೈ ಎಲ್ಲ ಸುಟ್ಟು ವಿಕಾರವಾದ ಹುಡುಗಿಯೊಬ್ಬಳು ಬೋಗಿಗೆ ಹತ್ತಿ, ಮೊದಲು ಪ್ರಯಾಣಿಕರ ಕೆನ್ನೆಗೆ ಮುತ್ತು ಕೊಡುತ್ತಾಳೆ, ಆಮೇಲೆ ತನ್ನ ಕಥೆ ಹೇಳಿ ಕಾಸು ಕೇಳುತ್ತಾಳೆ. ಮೊದಲ ಕಥೆಯ ಹುಡುಗ ಕೈ ಕುಲುಕಿದ್ದ, ಕೊನೆಯ ಕಥೆಯ ಹುಡುಗಿ ಮುತ್ತು ಕೊಡುತ್ತಾಳೆ. ನೋಡಿಯೂ ನೋಡದಂತೆ ಕೂತವರನ್ನು ಈ ಪುಸ್ತಕ ಎರಡು ಸಲ ಬಂದು ಮುಟ್ಟುತ್ತದೆ. ಹುಡುಗಿಯನ್ನು ಸುಟ್ಟವನು ಗಂಡ. ಅವಳು ಬಿಟ್ಟು ಹೋಗುವಳೆಂದು ಮಲಗಿದ್ದಾಗ ಸ್ಪಿರಿಟ್ ಸುರಿದು ಕಡ್ಡಿ ಗೀರಿದ. ತಾನೇ ಸುಟ್ಟುಕೊಂಡಳು ಎಂದು ಎಲ್ಲರಿಗೂ ಹೇಳಿದ, ಎಲ್ಲರೂ ನಂಬಿದರು. ಅವಳ ತುಟಿ ನಾಲಗೆ ಆಡುವಂತಾದ ಮೇಲಷ್ಟೇ ನಿಜ ಹೊರಬಿತ್ತು. ಮುಂದೆ ಒಬ್ಬ ಪ್ರಸಿದ್ಧ ಮಾಡೆಲ್, ಅವಳ ಫುಟ್‌ಬಾಲ್ ಆಟಗಾರ ಗಂಡ; ಮತ್ತೆ ಅದೇ ಬೆಂಕಿ, ಅದೇ ಮಾತು. ಆಮೇಲೆ ಕಥೆ ತಿರುವು ತೆಗೆದುಕೊಳ್ಳುತ್ತದೆ. ಹೆಂಗಸರು ಗುಟ್ಟಾಗಿ ಸಂಘ ಕಟ್ಟಿಕೊಂಡು ಊರ ಹೊರಗೆ ಚಿತೆ ಒಡ್ಡಿ, ತಾವಾಗಿಯೇ ಬೆಂಕಿಗೆ ಇಳಿಯತೊಡಗುತ್ತಾರೆ. ಸಾಯುವುದಕ್ಕಲ್ಲ, ಸುಟ್ಟ ಮೈಯಲ್ಲಿ ಎದ್ದು ಬೀದಿಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಎಲ್ಲರ ಕಣ್ಣೆದುರು ಓಡಾಡುವುದಕ್ಕೆ. ಅವರಿಗೆ ಆರೈಕೆ ಮಾಡಲು ಗುಪ್ತ ಆಸ್ಪತ್ರೆಗಳೂ ಏಳುತ್ತವೆ.

ಈ ಕಥೆಯ ಹಿಂದೆಯೂ ಸುದ್ದಿ ಇದೆ. 2010ರ ಫೆಬ್ರವರಿಯಲ್ಲಿ ಹೆಸರಾಂತ ರಾಕ್ ತಂಡವೊಂದರ ಡ್ರಮ್ ವಾದಕನ ಹೆಂಡತಿ ಸುಟ್ಟಗಾಯಗಳಿಂದ ಸತ್ತರು. ಅದು ಆಕಸ್ಮಿಕ ಎಂದು ಗಂಡ ಹೇಳಿದ. ಕೋರ್ಟು ಮೊದಲು 18 ವರ್ಷದ ಶಿಕ್ಷೆ ಕೊಟ್ಟಿತು, ಮೇಲ್ಮನವಿಯ ನಂತರ ಅದು ಜೀವಾವಧಿಯಾಯಿತು. ಆ ಪ್ರಕರಣದ ಹಿಂದೆಯೇ ಹೆಂಗಸರನ್ನು ಸುಟ್ಟ ಸುದ್ದಿಗಳು ಸಾಲುಗಟ್ಟಿದವು. 2015ರ ಜೂನ್ 3ರಂದು, ಗರ್ಭಿಣಿಯಾಗಿದ್ದ 14 ವರ್ಷದ ಹುಡುಗಿಯ ಕೊಲೆಯಿಂದ ರೊಚ್ಚಿಗೆದ್ದ ಹೆಂಗಸರು ‘ಇನ್ನೊಬ್ಬಳೂ ಕಡಿಮೆಯಾಗಕೂಡದು’ ಎಂದು ಅರ್ಜೆಂಟೀನಾದ ಊರೂರುಗಳಲ್ಲಿ ಬೀದಿಗಿಳಿದರು. ಮರುವರ್ಷ ಪುಸ್ತಕ ಬಂತು.

ತಾನೇ ಸುಟ್ಟುಕೊಂಡಳು. ಈ ಮಾತು ಓದಿದಾಗ ಅವಳಿಗೆ ಬ್ಯೂನಸ್ ಐರಿಸ್ ಮರೆತೇಹೋಯಿತು. ಎಂಬತ್ತರ ದಶಕದ ಕೊನೆಗೆ ಅವಳು ಕೆಲಸಕ್ಕೆ ಸೇರಿದಾಗ ‘ಸ್ಟೌ ಸಿಡಿದು ಗೃಹಿಣಿ ಸಾವು’ ಎಂಬ ಶೀರ್ಷಿಕೆಯನ್ನು ಯಾರೂ ಹೊಸದಾಗಿ ಬರೆಯಬೇಕಾಗಿರಲಿಲ್ಲ. ಅದು ಅಚ್ಚಿನಂತೆ ಸಿದ್ಧವಿತ್ತು. ಸಿಂಗಲ್ ಕಾಲಂ, ಎರಡೂವರೆ ಇಂಚು. ಜಿಲ್ಲೆಯಿಂದ ಸ್ಟ್ರಿಂಗರ್ ಫೋನಿನಲ್ಲಿ ಓದಿ ಹೇಳುವನು. ನ್ಯೂಸ್‌ಪ್ರಿಂಟಿನ ತುಂಡು ಹಾಳೆಯಲ್ಲಿ ಬರೆದುಕೊಳ್ಳಬೇಕು. ಅಡುಗೆ ಮಾಡುವಾಗ ಪಂಪ್ ಸ್ಟೌ ಸಿಡಿಯಿತು, ಸೀರೆಗೆ ಬೆಂಕಿ ಹತ್ತಿತು, ದೊಡ್ಡಾಸ್ಪತ್ರೆಗೆ ಸೇರಿಸಿದರು, ಚಿಕಿತ್ಸೆ ಫಲಿಸಲಿಲ್ಲ. ಠಾಣೆಯಲ್ಲಿ ಯುಡಿಆರ್, ಅಂದರೆ ಅಸ್ವಾಭಾವಿಕ ಮರಣ ಎಂದು ದಾಖಲು. ಸುಟ್ಟುಕೊಳ್ಳುತ್ತಿದ್ದವಳು ಹೆಚ್ಚಾಗಿ ಸೊಸೆ. ಅದೇ ಅಡುಗೆಮನೆಯಲ್ಲಿ, ಅದೇ ಸ್ಟೌವಿನ ಮುಂದೆ ಸೊಸೆಗಿಂತ ಎಷ್ಟೋ ವರ್ಷ ಹೆಚ್ಚು ಕೂತಿದ್ದ ಅತ್ತೆಯ ಹೆಸರು ಆ ಸುದ್ದಿಯಲ್ಲಿ ಬಂದದ್ದು ಅವಳಿಗೆ ನೆನಪಿಲ್ಲ.

1983ರಲ್ಲಿ ಭಾರತೀಯ ದಂಡ ಸಂಹಿತೆಗೆ, ಹೆಂಡತಿಗೆ ಗಂಡ ಮತ್ತು ಅವನ ಮನೆಯವರು ಕೊಡುವ ಹಿಂಸೆಯನ್ನು ಅಪರಾಧವೆನ್ನುವ 498ಎ ಕಲಂ ಬಂದಿತ್ತು. 1986ರಲ್ಲಿ 304ಬಿ ಸೇರಿತು: ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಸುಟ್ಟು ಸತ್ತರೆ, ಅದಕ್ಕೆ ಮುಂಚೆ ವರದಕ್ಷಿಣೆಗಾಗಿ ಹಿಂಸೆ ಕೊಟ್ಟದ್ದು ಕಂಡುಬಂದರೆ, ಅದು ವರದಕ್ಷಿಣೆ ಸಾವು. ಹಾಗಾಗಿ ಡೆಸ್ಕಿನಲ್ಲಿ ಹಿರಿಯರೊಬ್ಬರು ಅವಳಿಗೆ ಮೊದಲು ಕಲಿಸಿದ ಪ್ರಶ್ನೆ ಒಂದೇ.

“ಮದುವೆಯಾಗಿ ಎಷ್ಟು ವರ್ಷ ಆಗಿತ್ತು, ಕೇಳಿದ್ರಾ?”

“ಎಂಟಾಗಿದೆಯಂತೆ ಮೇಡಂ. ತಹಶೀಲ್ದಾರ್ ಮಹಜರು ಇಲ್ಲ. ಚಿಕ್ಕದಾಗಿ ಹಾಕಿಬಿಡಿ.”

ಆ ಪ್ರಶ್ನೆ, ಆ ಉತ್ತರ ಅವಳ ಕಿವಿಯಲ್ಲಿ ಈಗಲೂ ಇವೆ. ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಣ್ಣುಮಕ್ಕಳು ತೊಂಬತ್ತರ ದಶಕದಲ್ಲಿ ಇಂಥ ಸಾವುಗಳ ಬೆನ್ನು ಹತ್ತಿದರು. ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಹೋಗಿ ಬದುಕಿದ್ದವರ ಮಾತು ಕೇಳಿಸಿಕೊಂಡರು, ಆಕಸ್ಮಿಕವೆಂದು ಮುಚ್ಚಿದ ಕಡತಗಳನ್ನು ಪ್ರಶ್ನಿಸಿದರು. ಸುಟ್ಟು ಮಲಗಿದವಳು ಮರಣಪೂರ್ವ ಹೇಳಿಕೆ ಕೊಡುವಾಗ ಹಾಸಿಗೆಯ ಪಕ್ಕದಲ್ಲಿ ಗಂಡನ ಕಡೆಯವರು ನಿಂತಿರುತ್ತಾರೆ, ಮಕ್ಕಳು ಅವರ ಮನೆಯಲ್ಲಿರುತ್ತಾರೆ, ಹಾಗಾಗಿ ಸ್ಟೌ ಸಿಡಿಯಿತೆಂದು ಅವಳ ಬಾಯಲ್ಲೇ ಬರುತ್ತದೆ ಎಂಬುದನ್ನು ಅವರು ಸಭೆ ಸಭೆಗಳಲ್ಲಿ ಹೇಳಿದರು.

ಇಷ್ಟೆಲ್ಲ ಗೊತ್ತಿದ್ದವಳಿಗೆ ಎನ್ರಿಕೇಸ್ ಹೊಸದಾಗಿ ಕೊಟ್ಟದ್ದು ಏನು? ಸುದ್ದಿಮನೆಯಲ್ಲಿ ಸುಳ್ಳಿಗೆ ಒಂದೇ ಮದ್ದು, ನಿಜವನ್ನು ಹುಡುಕಿ ಎದುರಿಗಿಡುವುದು. ಅವಳೂ ಅವಳ ಜೊತೆಯವರೂ ನಂಬಿದ್ದು ಅದನ್ನೇ. ಎನ್ರಿಕೇಸ್ ಸುಳ್ಳನ್ನು ಅಲ್ಲಗಳೆಯಲು ಹೋಗಲಿಲ್ಲ. ಹೆಣ್ಣು ತಾನೇ ಸುಟ್ಟುಕೊಂಡಳು ಎನ್ನುತ್ತೀರಲ್ಲ, ಆಗಲಿ, ಸುಟ್ಟುಕೊಳ್ಳುತ್ತಾಳೆ, ನೋಡಿ ಎಂದು ಆ ಸುಳ್ಳನ್ನು ಅಕ್ಷರಶಃ ನಡೆಸಿಬಿಟ್ಟರು. ನಡೆದಾಗ ಅದನ್ನು ಯಾರಿಗೂ ತಾಳಲು ಆಗುವುದಿಲ್ಲ. ಹೇಳುವವರಿಗೂ ಕೇಳುವವರಿಗೂ ಅಷ್ಟು ಹಗುರವಾಗಿದ್ದ ಒಂದು ವಾಕ್ಯ ಎಷ್ಟು ಭೀಕರವಾದದ್ದೆಂದು ತಿಳಿಯಬೇಕಾದರೆ ಅದು ಕಣ್ಣೆದುರು ನಡೆಯಬೇಕಾಯಿತು. ವರದಿಗಾರಿಕೆಗೆ ಈ ದಾರಿಯಿಲ್ಲ. ಕಥೆಗೆ ಇದೆ. ಕಥೆಯ ಮೇಲೆ ಅವಳಿಗೆ ಮೊದಲಿನಿಂದಲೂ ಪ್ರೀತಿಯಿತ್ತು. ಹೀಗೊಂದು ಗೌರವ ಹುಟ್ಟಿದ್ದು ಅವತ್ತು.

2021ರಲ್ಲಿ ಎನ್ರಿಕೇಸ್ ಅವರ ಇನ್ನೊಂದು ಸಂಕಲನ, ‘ಹಾಸಿಗೆಯಲ್ಲಿ ಸಿಗರೇಟು ಸೇದುವ ಅಪಾಯಗಳು’, ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಬಂತು. ಪ್ರಶಸ್ತಿ ಸಿಗಲಿಲ್ಲ. ಆವರೆಗೆ ಯಾವ ಕಥಾಸಂಕಲನಕ್ಕೂ ಆ ಪ್ರಶಸ್ತಿ ಸಿಕ್ಕಿರಲಿಲ್ಲ. ಮೊದಲು ಸಿಕ್ಕಿದ್ದು 2025ರ ಮೇ 20ರಂದು, ಕನ್ನಡದ ಬಾನು ಮುಷ್ತಾಕ್ ಅವರಿಗೆ, ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 12 ಕಥೆಗಳ ‘ಹಾರ್ಟ್ ಲ್ಯಾಂಪ್’ಗೆ. ಬಾನು ಕೂಡ ಒಂದು ಕಾಲಕ್ಕೆ ವರದಿಗಾರ್ತಿ, ‘ಲಂಕೇಶ್ ಪತ್ರಿಕೆ’ಗೆ ಬರೆದವರು, ಆಮೇಲೆ ಹಾಸನದಲ್ಲಿ ವಕೀಲರು. ಆ ಸಂಕಲನಕ್ಕೆ ಹೆಸರು ಕೊಟ್ಟ ‘ಎದೆಯ ಹಣತೆ’ ಕಥೆಯಲ್ಲಿಯೂ ಬೆಂಕಿಯಿದೆ. ಗಂಡ ಬೇರೊಬ್ಬಳ ಹಿಂದೆ ಹೋದ, ತವರಿಗೆ ಬಂದರೆ ಅಣ್ಣಂದಿರು ತಿರುಗಿ ಅದೇ ಮನೆಗೆ ತಂದುಬಿಟ್ಟರು. ಆ ರಾತ್ರಿ ಮೆಹರುನ್ ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡು ಅಂಗಳದಲ್ಲಿ ನಿಲ್ಲುತ್ತಾಳೆ. ಹಿರಿಯ ಮಗಳು ಎದ್ದು ಬಂದು ಅಮ್ಮನ ಕಾಲು ಹಿಡಿಯುತ್ತಾಳೆ.

‘ಬೆಂಕಿಯಲ್ಲಿ ನಾವು ಕಳೆದುಕೊಂಡದ್ದು’, ‘ಹಾರ್ಟ್ ಲ್ಯಾಂಪ್’ ಎರಡನ್ನೂ ಜಯನಗರದ ಅವಳ ಓದುಗರ ಗುಂಪು ಅದೇ ವರ್ಷ ಒಟ್ಟಿಗೆ ಕೈಗೆತ್ತಿಕೊಂಡಿತು. ಹೆಚ್ಚಿನವರು ನಿವೃತ್ತ ಹೆಂಗಸರು. ಬ್ಯಾಂಕಿನವರು, ಟೀಚರುಗಳು, ವಕೀಲಿ ಮಾಡಿದ ಒಬ್ಬರು. ಜೊತೆಗೆ ಕಾಲೇಜು ಮುಗಿಸಿದ ಒಬ್ಬ ಹುಡುಗಿ. ಒಲ್ಲೆನೆಂದವರೂ ಇದ್ದರು. “ಇಂಥದ್ದನ್ನ ಓದಿ ರಾತ್ರಿ ನಿದ್ದೆ ಮಾಡೋದು ಹ್ಯಾಗ್ರೀ?” ಎಂದು ಬ್ಯಾಂಕಿನವರು ಪುಸ್ತಕವನ್ನು ಅರ್ಧಕ್ಕೇ ಕೊಟ್ಟುಬಿಟ್ಟಿದ್ದರು. ಅವರು ನಿಲ್ಲಿಸಿದ್ದು ತಲೆಯಿಲ್ಲದ ಮಗುವಿನ ಹತ್ತಿರವಲ್ಲ, ‘ವಸತಿಗೃಹ’ದ ಹಾಸಿಗೆಗಳ ಹತ್ತಿರ.

ಜಗಳ ಹತ್ತಿದ್ದು ಬೆಂಕಿಯ ಕಥೆಯ ಕೊನೆಯ ಪುಟಕ್ಕೆ. ಅಲ್ಲಿ ಸಿಲ್ವಿನಾ ಎಂಬ ಹೆಂಗಸು, ತನ್ನ ತಾಯಿ ಮತ್ತು ತಾಯಿಯ ಗೆಳತಿ ಮಾತಾಡುವುದನ್ನು ಕೇಳಿಸಿಕೊಳ್ಳುತ್ತಾಳೆ. ಗೆಳತಿ ಗುಪ್ತ ಆಸ್ಪತ್ರೆ ನಡೆಸಿ ಜೈಲು ಸೇರಿದವಳು. ತಾವಿಬ್ಬರೂ ಮುದುಕಿಯರಾದೆವು, ಇನ್ನು ಬೆಂಕಿಗೆ ಇಳಿದರೆ ಬದುಕುವುದಿಲ್ಲ. ಸಿಲ್ವಿನಾ ಯಾವಾಗ ಮನಸ್ಸು ಮಾಡುತ್ತಾಳೋ, ಅವಳಾದರೆ ಎಷ್ಟು ಚೆನ್ನಾಗಿ ಉರಿದಾಳು ಎಂಬ ಅರ್ಥದ ಮಾತು.

“ಮೆಹರುನ್ ಮಗಳು ತಾಯೀನ ಬೆಂಕಿಯಿಂದ ಎಳಕೊಂಡಳು. ಇವಳು ನೋಡಿ, ಹೆತ್ತ ಮಗಳನ್ನೇ ಬೆಂಕಿಗೆ ಕರೀತಾಳೆ. ಆ ಗಂಡಂದಿರಿಗೂ ಇವಳಿಗೂ ಏನು ವ್ಯತ್ಯಾಸ?” ಎಂದರು ಟೀಚರು.

“ಹಾಗಲ್ಲ ಆಂಟಿ,” ಎಂದಳು ಹುಡುಗಿ. “ಸುಟ್ಟ ಮುಖ ಮುಚ್ಚಿಕೊಂಡು ಮನೇಲಿ ಕೂರಬೇಕು ಅಂತ ಹೇಳಿದ್ದು ಯಾರು? ಇವರು ಅದನ್ನ ಬೀದಿಗೆ ತಂದರು. ನೋಡಲೇಬೇಕು ಅನ್ನೋ ಹಾಗೆ ಮಾಡಿದ್ರು.”

ಅವಳು ಹುಡುಗಿಯ ಪಕ್ಷ ವಹಿಸಿದಳು. ವಕೀಲರು ಅಲ್ಲಿಯವರೆಗೆ ಸುಮ್ಮನಿದ್ದವರು, ಬೇರೆಯೇ ಕಡೆಯಿಂದ ಬಂದರು. ಊರಲ್ಲಿ ಹೆಂಗಸರು ತಾವಾಗಿಯೇ ಚಿತೆಗೆ ಇಳಿಯುತ್ತಿದ್ದಾರೆಂದು ಎಲ್ಲರಿಗೂ ಗೊತ್ತಾದ ಮೇಲೆ, ಮಾರನೆಯ ದಿನ ಹೆಂಡತಿಗೆ ಬೆಂಕಿ ಹಚ್ಚಿದ ಗಂಡ ಕೋರ್ಟಿನಲ್ಲಿ ಏನು ಹೇಳುತ್ತಾನೆ? ಅವಳೂ ಆ ಸಂಘಕ್ಕೆ ಸೇರಿದ್ದಳು ಸ್ವಾಮಿ ಎನ್ನುತ್ತಾನೆ. ಅಲ್ಲವೆಂದು ಸಾಧಿಸುವುದು ಯಾರಿಗೆ ಸಾಧ್ಯ? “ಸ್ಟೌ ಕೇಸುಗಳಲ್ಲಿ ನಮಗೆ ಹಿಡಿಯೋಕೆ ಒಂದು ಸ್ಟೌ ಆದ್ರೂ ಇತ್ತು. ಸಿಡಿದಿದೆಯೋ ಇಲ್ಲವೋ ನೋಡಬಹುದಿತ್ತು. ಇಲ್ಲಿ ಅದೂ ಇಲ್ಲ.”

ಇದಕ್ಕೆ ಅವಳ ಬಳಿ ಉತ್ತರವಿರಲಿಲ್ಲ. ಹುಡುಗಿ ಮಾತ್ರ ಬಿಡಲಿಲ್ಲ. ಎನ್ರಿಕೇಸ್ ಇದನ್ನು ಯೋಚಿಸದೆ ಬರೆದಿರಲಾರರು, ಕಥೆಯಲ್ಲೇ ಎಲ್ಲೋ ಸುಳಿವು ಇರಬೇಕು ಎಂದು ಪುಟ ತಿರುಗಿಸುತ್ತ ಕೂತಳು. ಮುಂದಿನ ತಿಂಗಳಿಗೆ ಗೊತ್ತುಮಾಡಿದ್ದ ಕಾದಂಬರಿಯನ್ನು ಮುಂದಕ್ಕೆ ಹಾಕಿ, ಅದೇ ಕಥೆಯನ್ನು ಎಲ್ಲರೂ ಇನ್ನೊಂದು ಸಲ ಓದಿಕೊಂಡು ಬರುವುದೆಂದು ತೀರ್ಮಾನವಾಯಿತು. ಅರ್ಧಕ್ಕೆ ಕೊಟ್ಟಿದ್ದ ಬ್ಯಾಂಕಿನವರು ಪುಸ್ತಕವನ್ನು ಮತ್ತೆ ಕೇಳಿ ಇಸಿದುಕೊಂಡರು.